ಗಿಟಾರಿಗೂ ಒಂದು ಸರಳೆ ವರಸೆ

ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಸಂಜೆ ಆರರ ಮೇಲೆ ಗಿಟಾರು ಕಣ್ಣಿಗೆ ಬೀಳದ ದಿನ ಕಡಿಮೆ. ಕಾರ್ಲ್ ಶ್ಮಿಟ್ ಸ್ಮಾರಕದ ಬಿಳಿ ಕಮಾನಿನ ಆಸುಪಾಸಿನಲ್ಲೋ, ಮರಳು ಮುಗಿದು ರಸ್ತೆ ಶುರುವಾಗುವ ಕಟ್ಟೆಯ ಮೇಲೋ ನಾಲ್ಕೈದು ಹುಡುಗರು ಕೂತಿರುತ್ತಾರೆ. ಒಬ್ಬನ ಕೈಯಲ್ಲಿ ಗಿಟಾರು, ಉಳಿದವರ ಕೈಯಲ್ಲಿ ಫೋನು ಮತ್ತು ಸುಂಡಲ್ ಪೊಟ್ಟಣ. ನಾಲ್ಕು ಕಾರ್ಡುಗಳು ಸುತ್ತಿ ಸುತ್ತಿ ಬರುತ್ತವೆ. ಹಾಡು ತಮಿಳಿನದೋ ಇಂಗ್ಲಿಷಿನದೋ, ಕೆಳಗಿನ ಕಾರ್ಡುಗಳು ಹೆಚ್ಚುಕಡಿಮೆ ಅವೇ. ವಾಕಿಂಗಿಗೆ ಬಂದವರು ಅರೆಕ್ಷಣ ನಿಂತು, ಮುಗುಳ್ನಕ್ಕು ಮುಂದೆ ಹೋಗುತ್ತಾರೆ.

ಕಣ್ಣಿಗೆ ಬೀಳುವ ಗಿಟಾರುಗಳು ಇವು. ಬೀಳದವು ಬೀಚಿನ ಹಿಂದಿನ ಅಡ್ಡರಸ್ತೆಗಳ ಫ್ಲಾಟುಗಳಲ್ಲಿ, ಬೀರುವಿನ ಮೇಲೆ, ಸೂಟ್‌ಕೇಸುಗಳ ಪಕ್ಕ, ಕಪ್ಪು ರೆಕ್ಸಿನ್ ಚೀಲದೊಳಗೆ ಮಲಗಿರುತ್ತವೆ. ಅಂಥದೊಂದರ ಒಡತಿಯನ್ನು ಊಹಿಸಿಕೊಳ್ಳಿ. ವಯಸ್ಸು ಮೂವತ್ತೆಂಟು, ಊರು ಹಾಸನದ ಕಡೆ, ಕೆಲಸ ಹಳೇ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷು. ಚಿಕ್ಕವಳಿದ್ದಾಗ ಮೂರು ವರ್ಷ ಸಂಗೀತದ ಪಾಠಕ್ಕೆ ಹೋಗಿದ್ದಾಳೆ. ಸರಳೆ, ಜಂಟಿ, ಅಲಂಕಾರ, ನಾಲ್ಕಾರು ಗೀತೆ ಆದಮೇಲೆ ಎಸ್ಸೆಸ್ಸೆಲ್ಸಿ ಬಂದು ಪಾಠ ನಿಂತಿತು. ಹೋದ ವರ್ಷದ ಹುಟ್ಟುಹಬ್ಬಕ್ಕೆ ಆನ್‌ಲೈನಿನಲ್ಲಿ ಗಿಟಾರು ತರಿಸಿಕೊಂಡಳು. ಎರಡು ತಿಂಗಳು ಫೋನನ್ನು ಮುಂದಿಟ್ಟುಕೊಂಡು ವಿಡಿಯೋ ನೋಡಿ ಒದ್ದಾಡಿದಳು. ಬೆರಳತುದಿ ಸುಲಿಯಿತು, ಮಗ ಕಿವಿ ಮುಚ್ಚಿಕೊಂಡ, ಗಿಟಾರು ಬೀರುವಿನ ಮೇಲೆ ಹೋಯಿತು. ಯಾಕೆ ಬಿಟ್ಟೆ ಎಂದರೆ, “ನಂಗೆ ಅದು ಕೈಗೆ ಹತ್ತಲಿಲ್ಲ” ಅನ್ನುತ್ತಾಳೆ.

ಈ ಹೆಂಗಸು ಅಪರೂಪದವಳಲ್ಲ. ಜಗತ್ತಿನ ದೊಡ್ಡ ಗಿಟಾರ್ ಕಂಪನಿಗಳಲ್ಲೊಂದಾದ ಫೆಂಡರ್‌ನ ಮುಖ್ಯಸ್ಥರಾಗಿದ್ದ ಆಂಡಿ ಮೂನಿ, ಹೊಸದಾಗಿ ಗಿಟಾರು ಕೊಳ್ಳುವವರಲ್ಲಿ ನೂರಕ್ಕೆ ತೊಂಬತ್ತು ಜನ ಮೊದಲ ವರ್ಷದೊಳಗೇ ಅದನ್ನು ಬಿಟ್ಟುಬಿಡುತ್ತಾರೆ ಎಂದು ಬಹಿರಂಗವಾಗಿ ಹೇಳಿದ್ದರು. ಗಿಟಾರು ಮಾರುವವರ ಬಾಯಿಂದಲೇ ಬಂದ ಮಾತಾದ್ದರಿಂದ ನಂಬಬಹುದು. ಹತ್ತರಲ್ಲಿ ಒಂಬತ್ತು ಜನ ಸೋತರೆ ಒಂಬತ್ತೂ ಜನಕ್ಕೆ ಪ್ರತಿಭೆ ಇರಲಿಲ್ಲ ಅನ್ನುವುದು ಕಷ್ಟ. ಯಾವುದೋ ಶಾಲೆಯಲ್ಲಿ ನೂರರಲ್ಲಿ ತೊಂಬತ್ತು ಮಕ್ಕಳು ಫೇಲಾದರೆ ಮೊದಲು ಮೇಷ್ಟ್ರನ್ನು ಕೇಳುತ್ತೇವೆ. ಗಿಟಾರಿನ ವಿಷಯದಲ್ಲಿ ಮಾತ್ರ ಸೋತವರು ತಮ್ಮ ಬೆರಳನ್ನೇ ಬೈದುಕೊಂಡು ಸುಮ್ಮನಾಗುತ್ತಾರೆ. ಆ ಹೆಂಗಸಿನ ಸೋಲಿನಲ್ಲಿ ಅವಳ ಪಾಲು ಕಡಿಮೆ. ತಂತಿ ಎಷ್ಟು ಎತ್ತರದಲ್ಲಿತ್ತು ಎಂದು ಯಾರೂ ನೋಡಲಿಲ್ಲ. ಮೊದಲ ಪಾಠವಾಗಿ ಸಿಕ್ಕಿದ್ದು ಪಾಠವೇ ಅಲ್ಲ, ಹಾಡು.

ತಂತಿಯಿಂದಲೇ ಶುರುಮಾಡಬೇಕು. ಗಿಟಾರು ಕೊಳ್ಳುವ ಮುಂಚೆ ಹೊಸಬರು ವಾರಗಟ್ಟಲೆ ತಲೆಕೆಡಿಸಿಕೊಳ್ಳುವುದು ಮರದ ಬಗ್ಗೆ. ಮೇಲ್ಹಲಗೆ ಸ್ಪ್ರೂಸೋ ಸೀಡರೋ, ಇಡೀ ಹಲಗೆಯೋ ಪ್ಲೈವುಡ್ಡೋ, ಪಕ್ಕಗಳು ಮಹೋಗನಿಯೋ ಬೀಟೆಯೋ. ಇವೆಲ್ಲ ನಿಜವಾದ ವ್ಯತ್ಯಾಸಗಳೇ, ಆದರೆ ಇನ್ನೂ ಒಂದು ಸ್ವರವನ್ನೂ ಶುದ್ಧವಾಗಿ ನುಡಿಸಲು ಬಾರದ ಕೈಗೆ ಅವು ಕೇಳಿಸುವುದಿಲ್ಲ. ಸಮುದ್ರಕ್ಕೆ ಅರ್ಧ ಕಿಲೋಮೀಟರಿನಲ್ಲಿ ಮನೆಯಿದ್ದರೆ ಪ್ಲೈವುಡ್ಡಿನ ಗಿಟಾರೇ ವಾಸಿ. ಅಡ್ಡಡ್ಡ ಅಂಟಿಸಿದ ಪದರಗಳು ತೇವಕ್ಕೆ ಅಷ್ಟಾಗಿ ಉಬ್ಬುವುದಿಲ್ಲ, ಬಿರಿಯುವುದಿಲ್ಲ. ಇಡೀ ಹಲಗೆಯ ದುಬಾರಿ ವಾದ್ಯಕ್ಕೆ ಹಿತವಾದ ಗಾಳಿ ತೇವಾಂಶ ನೂರಕ್ಕೆ 45ರಿಂದ 55ರಷ್ಟು ಇರುವಂಥದ್ದು. ಬೆಸೆಂಟ್ ನಗರದ ಗಾಳಿ ವರ್ಷದ ಬಹುಪಾಲು ಅದನ್ನು ಮೀರಿಯೇ ಇರುತ್ತದೆ. ಅದು ಎರಡನೇ ಗಿಟಾರಿನ ಕನಸು. ಆಗಲಿ, ಮುಂದೆ.

ನೋಡಬೇಕಾದ್ದು ಫ್ರೆಟ್ಟಿಗೂ ತಂತಿಗೂ ನಡುವಿನ ಸಂದು. ವೀಣೆಯಲ್ಲಿ ಮೆಟ್ಟಿಲು ಅನ್ನುತ್ತೇವಲ್ಲ, ಗಿಟಾರಿನಲ್ಲಿ ಅದೇ ಫ್ರೆಟ್ಟು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಒತ್ತುವ ಕಷ್ಟ ನಿಂತಿದೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಹಿತ. ಅಳೆಯಲು ಪಟ್ಟಿ ಬೇಡ. ಈಗಿನ ಒಂದು ರೂಪಾಯಿ ನಾಣ್ಯ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಎರಡು ನಾಣ್ಯ ಜೋಡಿಸಿ ಹನ್ನೆರಡನೇ ಫ್ರೆಟ್ಟಿನ ಮೇಲೆ, ತಂತಿಯ ಕೆಳಗೆ ತೂರಿಸಿ. ಎಲ್ಲಕ್ಕಿಂತ ದಪ್ಪ ತಂತಿಯ ಕೆಳಗೂ ಅವು ಸಲೀಸಾಗಿ ಓಡಾಡುತ್ತಿದ್ದರೆ ಆ ಗಿಟಾರು ಹೊಸಬರಿಗಲ್ಲ. ಆನ್‌ಲೈನಿನಲ್ಲಿ ಮೂರು ಸಾವಿರಕ್ಕೆ ಬರುವ ವಾದ್ಯಗಳಲ್ಲಿ ಇದಕ್ಕಿಂತ ಹೆಚ್ಚಿನ ಸಂದು ಮಾಮೂಲು.

ಕಾರ್ಖಾನೆಯವರು ತಂತಿಯನ್ನು ಮೇಲಿಡುವುದಕ್ಕೆ ಕಾರಣವಿದೆ. ತಂತಿ ತೀರ ಕೆಳಗಿದ್ದರೆ ಫ್ರೆಟ್ಟಿಗೆ ತಾಗಿ ಝರ್ರೆನ್ನುತ್ತದೆ, ಗಿರಾಕಿ ವಾಪಸು ತರುತ್ತಾನೆ. ಮೇಲಿದ್ದರೆ ಝರ್ರೆನ್ನುವುದಿಲ್ಲ, ಬೆರಳು ಮಾತ್ರ ನೋಯುತ್ತದೆ, ಮತ್ತು ಬೆರಳು ನೋಯುತ್ತದೆ ಎಂದು ಯಾರೂ ಗಿಟಾರನ್ನು ವಾಪಸು ಕೊಡುವುದಿಲ್ಲ. ನೋಯಲೇಬೇಕು, ಎಲ್ಲರಿಗೂ ನೋಯುತ್ತದೆ ಎಂದು ಎಲ್ಲರೂ ಹೇಳಿಟ್ಟಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ಮೂರ್ನಾಲ್ಕು ವಾರದಲ್ಲಿ ಬೆರಳ ತುದಿ ಗಡುಸಾಗುತ್ತದೆ, ನೋವು ಹೋಗುತ್ತದೆ. ಉಳಿದರ್ಧ ನೋವು ಅನಾವಶ್ಯಕ, ಅರ್ಧ ಗಂಟೆಯ ಕೆಲಸದಲ್ಲಿ ತೆಗೆಯಬಹುದಾದದ್ದು. ತಳದಲ್ಲಿ ತಂತಿ ಕೂರುವ ಬಿಳಿಯ ಪಟ್ಟಿ, ಅಂದರೆ ಸ್ಯಾಡಲ್, ಅದರ ಅಡಿಯನ್ನು ಉಜ್ಜಿ ತಗ್ಗಿಸಬೇಕು. ಮೇಲ್ತುದಿಯ ನಟ್ ಎಂಬ ಪಟ್ಟಿಯ ಗೀರುಗಳನ್ನು ಸಣ್ಣ ಅರದಿಂದ ಕೊಂಚ ಆಳ ಮಾಡಬೇಕು. ಕತ್ತಿನ ಒಳಗಿರುವ ಉಕ್ಕಿನ ಸರಳನ್ನು ಕಾಲು ಸುತ್ತು ತಿರುಗಿಸಿ ಬಾಗು ಸರಿಮಾಡಬೇಕು. ಉಕ್ಕಿನ ಆರು ತಂತಿಗಳು ಸೇರಿ ಆ ಕತ್ತನ್ನು ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ, ಬಾಗದೆ ಏನು ಮಾಡೀತು. ಅಂಗಡಿಯವರು ಇದಕ್ಕೆಲ್ಲ ಸೆಟಪ್ ಅನ್ನುತ್ತಾರೆ. ಹನ್ನೆರಡು ಸಾವಿರದ ಗಿಟಾರನ್ನು ಹಾಗೇ ತರುವುದಕ್ಕಿಂತ ಎಂಟು ಸಾವಿರದ್ದು ತೆಗೆದುಕೊಂಡು ಸೆಟಪ್ ಮಾಡಿಸುವುದು ಜಾಣತನ. ಹೊಸಬರ ಗೋಳಿನ ಗೋಪುರವಾದ ಎಫ್ ಕಾರ್ಡು, ಅಂದರೆ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಮೊದಲ ಫ್ರೆಟ್ಟಿನಲ್ಲೇ ಒತ್ತುವ ಆಟ, ಅರ್ಧಕ್ಕರ್ಧ ನಟ್‌ನ ದೋಷ. ಗೀರು ಆಳವಾಗಿದ್ದರೆ ಅದೇ ಬೆರಳಿಗೆ ಅದೇ ಕಾರ್ಡು ಬರುತ್ತದೆ.

ಆದ್ದರಿಂದ ಮೊದಲ ಗಿಟಾರನ್ನು ಕೈಯಲ್ಲಿ ಹಿಡಿದು ನೋಡಿಯೇ ತರಬೇಕು. ಚೆನ್ನೈಯವರಿಗೆ ಇದು ಕಷ್ಟವಲ್ಲ. ಮೌಂಟ್ ರೋಡಿನ ಮ್ಯೂಸೀ ಮ್ಯೂಸಿಕಲ್ ಅಂಗಡಿಯ ಮೂಲ 1842ರಷ್ಟು ಹಿಂದಕ್ಕೆ ಹೋಗುತ್ತದೆ. ಪಿಯಾನೋ ಕೊಳ್ಳುವ ದೊರೆಗಳ ಕಾಲದಿಂದ ಬಂದದ್ದು. ಯಮಾಹಾ ಕಂಪನಿ ಈ ಊರಿನ ಬಳಿಯ ತನ್ನ ಕಾರ್ಖಾನೆಯಲ್ಲೇ ಗಿಟಾರು ಮಾಡುತ್ತದೆ. ಅಂಗಡಿಗೆ ಹೋದವರು ನಾಚಿಕೆ ಬಿಟ್ಟು ಒಂದೊಂದೇ ತಂತಿಯನ್ನು ಒಂದೊಂದೇ ಫ್ರೆಟ್ಟಿನಲ್ಲಿ ಒತ್ತಿ ನುಡಿಸಬೇಕು, ಎಲ್ಲಿ ಝರ್ರೆನ್ನುತ್ತದೆ ನೋಡಬೇಕು. ಫ್ರೆಟ್ಟುಗಳ ಅಂಚಿನ ಮೇಲೆ ಅಂಗೈ ಸವರಿ ನೋಡಬೇಕು, ಗೀರುತ್ತಿದ್ದರೆ ಬೇಡ. ತೆರೆದ ತಂತಿಯ ಸ್ವರವನ್ನೂ ಅದೇ ತಂತಿಯ ಹನ್ನೆರಡನೇ ಫ್ರೆಟ್ಟಿನ ಸ್ವರವನ್ನೂ ಹೋಲಿಸಬೇಕು. ಒಂದು ಷಡ್ಜ, ಇನ್ನೊಂದು ತಾರಷಡ್ಜ. ಸಂಗೀತ ಕಲಿತ ಕಿವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡೂ ಕೂಡದಿದ್ದರೆ ಎಷ್ಟು ರಿಯಾಯಿತಿ ಕೊಟ್ಟರೂ ಕೆಳಗಿಡಬೇಕು. ನುಡಿಸಲು ಬಾರದವರು ಅಂಗಡಿಯಲ್ಲಿ ವಾದ್ಯ ಮುಟ್ಟುವುದು ಹೇಗೆ ಎಂಬ ಸಂಕೋಚದಿಂದಲೇ ಅರ್ಧ ಜನ ಆನ್‌ಲೈನಿಗೆ ಹೋಗುತ್ತಾರೆ. ಸೀರೆ ಉಡದವರೂ ಸೀರೆಯ ಅಂಚು ಮುಟ್ಟಿ ನೋಡುತ್ತಾರೆ, ತಪ್ಪೇನು?

ಇನ್ನು ಉಕ್ಕೋ ನೈಲಾನೋ ಎಂಬ ಪ್ರಶ್ನೆ. ಅಂಗಡಿಯ ಹುಡುಗರು ಸಾಮಾನ್ಯವಾಗಿ ಉಕ್ಕಿನ ಕಡೆಗೇ ತಳ್ಳುತ್ತಾರೆ, ಸಿನಿಮಾ ಹಾಡಿಗೆ ಅದೇ ಸರಿ ಎಂಬ ವಾದ. ಹಾಸನದ ಹೆಂಗಸಿಗೆ ನೈಲಾನೇ ಸರಿ. ನೈಲಾನ್ ತಂತಿಗಳ ಒಟ್ಟು ಎಳೆತ 40 ಕಿಲೋದ ಆಸುಪಾಸು, ಉಕ್ಕಿನದರ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೆ. ಬೆರಳಿಗೆ ಮೆತ್ತಗೆ. ಕತ್ತು ಅಗಲ, ನಟ್‌ನ ಬಳಿ 52 ಮಿಲಿಮೀಟರ್, ಉಕ್ಕಿನದರಲ್ಲಿ 43. ಸಣ್ಣ ಕೈಗೆ ಅಗಲ ತುಸು ಕಾಡುತ್ತದೆ, ನಿಜ. ಆದರೆ ತಂತಿಗಳ ನಡುವೆ ಜಾಗವಿದ್ದರೆ ಒಂದನ್ನು ಒತ್ತುವಾಗ ಪಕ್ಕದ್ದಕ್ಕೆ ಬೆರಳು ತಾಗುವುದು ಕಡಿಮೆ. ಮತ್ತೆ ತುಕ್ಕು. ಬೆಸೆಂಟ್ ನಗರದಲ್ಲಿ ಕಿಟಕಿಯ ಸರಳು, ಫ್ಯಾನಿನ ಸ್ಕ್ರೂ, ಸೈಕಲ್ಲಿನ ಚೈನು ಯಾವುದೂ ಉಪ್ಪುಗಾಳಿಯಿಂದ ತಪ್ಪಿಸಿಕೊಂಡಿಲ್ಲ, ಉಕ್ಕಿನ ತಂತಿ ಹೇಗೆ ತಪ್ಪಿಸಿಕೊಂಡೀತು? ತುಕ್ಕು ಹಿಡಿದ ತಂತಿ ಒರಟಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ನೈಲಾನಿನ ಮೂರು ಸಣ್ಣ ತಂತಿಗಳಿಗೆ ಆ ಕಾಟವಿಲ್ಲ. ಲೋಹ ಸುತ್ತಿದ ಮೂರು ದಪ್ಪ ತಂತಿಗಳು ಮಾತ್ರ ಕಪ್ಪಾಗುತ್ತವೆ. ಯಾವುದೇ ಆಗಲಿ, ನುಡಿಸಿದ ಮೇಲೆ ಹಳೇ ಪಂಚೆಯ ತುಂಡಿನಿಂದ ಒಮ್ಮೆ ಒರೆಸಿದರೆ ಸಾಕು. ಬಾಲ್ಕನಿಯಲ್ಲೂ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಇಡಬಾರದು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ವಾದ್ಯದ ಮಾತು ಇಲ್ಲಿಗೆ ಸಾಕು. ಕಷ್ಟ ಇರುವುದು ಅದು ಮನೆಗೆ ಬಂದಮೇಲೆ.

ಬೀಚಿನಿಂದ ತಿರುವಾನ್ಮಿಯೂರಿನ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಕಲಾಕ್ಷೇತ್ರ. ರುಕ್ಮಿಣೀದೇವಿ ಅರುಂಡೇಲ್ 1936ರಲ್ಲಿ ಅಡ್ಯಾರಿನಲ್ಲಿ ಶುರುಮಾಡಿದ ಸಂಸ್ಥೆ ಅದು. ಮೈಸೂರು ವಾಸುದೇವಾಚಾರ್ಯರು, ಚಾಮರಾಜ ಒಡೆಯರ ಆಶ್ರಯದಲ್ಲಿ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿತು ಬಂದವರು, ಎಂಬತ್ತು ದಾಟಿದ ಮೇಲೆ ರುಕ್ಮಿಣೀದೇವಿಯವರ ಕರೆಗೆ ಓಗೊಟ್ಟು ಕಲಾಕ್ಷೇತ್ರಕ್ಕೆ ಬಂದರು. ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಹಾಕಿಕೊಟ್ಟರು, 1961ರಲ್ಲಿ ತೀರಿಕೊಳ್ಳುವವರೆಗೂ ಆ ನಂಟು ಬಿಡಲಿಲ್ಲ. ಮೈಸೂರಿಗೂ ಈ ತೀರಕ್ಕೂ ಇರುವ ಕೊಡುಕೊಳ್ಳುವಿಕೆ ಹಾಗೆ ಹಳೆಯದು. ಅದಕ್ಕಿಂತ ಹಳೆಯದು ಇನ್ನೊಂದಿದೆ. ಈ ಬೀದಿಗಳಲ್ಲಿ ಸಂಜೆ ಪಾಠಕ್ಕೆ ಕೂರುವ ತಮಿಳು ಮಕ್ಕಳು ಮೊದಲು ಬಾಯಿಬಿಡುವುದು ಮಾಯಾಮಾಳವಗೌಳದ ಸರಳೆ ವರಸೆಗೆ. ಆ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಗೀತಗಾರರ ಪರಂಪರೆಯ ಮಾತು. ಆಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಅವೂ ದಾಸರವೇ. ಕನ್ನಡ ಒಂದಕ್ಷರ ಬಾರದ ಟೀಚರು ಕನ್ನಡ ಬಾರದ ಮಗುವಿಗೆ ಕಲಿಸುತ್ತಾರೆ, ಮತ್ತು ಅದು ಕೆಲಸ ಮಾಡುತ್ತದೆ.

ಯಾಕೆ ಕೆಲಸ ಮಾಡುತ್ತದೆ ಅಂದರೆ, ಆ ಪಾಠದಲ್ಲಿ ಹೊಸಬರಿಂದ ಯಾರೂ ಹಾಡನ್ನು ಕೇಳುವುದಿಲ್ಲ. ಆರು ತಿಂಗಳು ಮಗು ಸ್ವರಗಳನ್ನೇ ಮೇಲೆ ಕೆಳಗೆ ಹತ್ತಿ ಇಳಿಯುತ್ತದೆ. ಮನೆಗೆ ಬಂದ ನೆಂಟರೂ “ಒಂದು ಹಾಡು ಹೇಳು” ಎಂದು ಪೀಡಿಸಿದರೆ “ಈಗಿನ್ನೂ ಸರಳೆ” ಎಂದು ತಾಯಿ ಪಾರುಮಾಡುತ್ತಾಳೆ. ಹೊಸಬರಿಗೆ ಒಂದು ಹೆಸರಿರುವ ಮೆಟ್ಟಿಲಿದೆ, ಅಲ್ಲಿ ನಿಂತಿರಲು ನಾಚಿಕೆಯಿಲ್ಲ. ಓದಲು ಕಲಿಯುವ ಕನ್ನಡದ ಮಕ್ಕಳಿಗೂ ಹಾಗೇ. ಕ ಕಾ ಕಿ ಕೀ ಎಂದು ಕಾಗುಣಿತ ಬರೆಯುವ ಮಗುವಿಗೆ ಅದು ಕವಿತೆಯಲ್ಲ ಎಂದು ಗೊತ್ತು, ಬೇಸರವೂ ಆಗುತ್ತದೆ, ಆದರೆ ಒಂದು ದಿನ ಬಸ್ಸಿನ ಬೋರ್ಡು ತಾನಾಗಿ ಓದಿಸಿಕೊಳ್ಳುತ್ತದೆ. ಭಾಷೆ ಬರುವುದೂ ಹೀಗೆ. ಆರೇಳು ತಿಂಗಳ ಕೂಸು ಬಬಬ, ಮಮಮ, ದದದ ಅನ್ನುವಾಗ ಅದಕ್ಕೆ ಹೇಳಬೇಕಾದ್ದು ಏನೂ ಇರುವುದಿಲ್ಲ. ನಾಲಿಗೆ, ತುಟಿ, ಉಸಿರು ಒಂದಕ್ಕೊಂದು ಹೊಂದಿಕೊಳ್ಳುತ್ತಿರುತ್ತವೆ, ಕಿವಿ ಅದನ್ನು ಕೇಳಿಸಿಕೊಂಡು ತಿದ್ದುತ್ತಿರುತ್ತದೆ. ಅರ್ಥ ಆಮೇಲೆ.

ಗಿಟಾರಿನ ಹೊಸಬರಿಗೆ ಈ ಬಬಬ ಮಮಮದ ಕಾಲವನ್ನೇ ಕೊಟ್ಟಿಲ್ಲ. ಮೊದಲ ದಿನವೇ ಮೂರು ಕಾರ್ಡು, ಮೂರನೇ ದಿನ ಹಾಡು. “ಏಳು ದಿನದಲ್ಲಿ ಗಿಟಾರು” ಎಂಬ ಮಾತು ಎಲ್ಲ ಭಾಷೆಯಲ್ಲೂ ಇದೆ. ಕಾರ್ಡೆಂದರೆ ಮೂರು ಬೆರಳು ಮೂರು ತಂತಿಯ ಮೇಲೆ ಮೂರು ಜಾಗದಲ್ಲಿ ಒಟ್ಟಿಗೆ ಇಳಿಯಬೇಕು, ಒಂದು ತಪ್ಪಿದರೂ ಇಡೀ ಸದ್ದು ಕೆಡುತ್ತದೆ, ಯಾವ ಬೆರಳು ತಪ್ಪಿತೆಂದು ಕಿವಿಗೆ ಗೊತ್ತಾಗುವುದಿಲ್ಲ. ಕಾಗುಣಿತ ಬಾರದವರಿಗೆ ಒತ್ತಕ್ಷರದಿಂದ ಪಾಠ ಶುರುಮಾಡಿದಂತೆ ಇದು. ಹುಡುಗರು ಹಟಕ್ಕೆ ಬಿದ್ದು ಕಲಿಯುತ್ತಾರೆ. ರಘು ದೀಕ್ಷಿತ್ ಕಾಲೇಜಿನಲ್ಲಿ ಗೆಳೆಯನ ಸವಾಲಿಗೆ ಗಿಟಾರು ಹಿಡಿದ ಕತೆ ಅವರೇ ಹೇಳಿಕೊಂಡದ್ದು. ಮೂವತ್ತೆಂಟರಲ್ಲಿ ಸವಾಲು ಹಾಕುವ ಗೆಳೆಯರಿರುವುದಿಲ್ಲ, ಹಾಸ್ಟೆಲಿನ ರಾತ್ರಿಗಳೂ ಇರುವುದಿಲ್ಲ. ಬೆಳಿಗ್ಗೆ ಹಾಲು ಕಾಯಲಿಟ್ಟ ಹೊತ್ತು, ರಾತ್ರಿ ಮಗ ಮಲಗಿದ ಮೇಲಿನ ಹೊತ್ತು, ಅಷ್ಟೇ.

ಹಾಗಾಗಿ ಹಾಸನದ ಹೆಂಗಸು ಮಾಡಬೇಕಾದ್ದು, ತನಗೆ ಮೊದಲೇ ಗೊತ್ತಿರುವುದನ್ನು ಗಿಟಾರಿನ ಮೇಲೆ ಹುಡುಕುವುದು. ಗಿಟಾರಿನ ನಾಲ್ಕನೇ ತಂತಿ ಡಿ. ಚೆನ್ನೈ ಸಂಗೀತಗಾರರ ಲೆಕ್ಕದಲ್ಲಿ ಎರಡು ಕಟ್ಟೈ. ಅದನ್ನು ಷಡ್ಜ ಎಂದುಕೊಂಡರೆ ಅದರ ಮೇಲಿನ ಐದನೇ ತಂತಿ, ಎ, ಮಂದ್ರ ಪಂಚಮ. ಎರಡನ್ನೂ ಒಂದಾದ ಮೇಲೊಂದು ಮೀಟಿದರೆ ಪ, ಸ. ತಂಬೂರಿಯ ಅರ್ಧ ಅಲ್ಲಿಯೇ ಸಿಕ್ಕಿತು. ಈಗ ಅದೇ ನಾಲ್ಕನೇ ತಂತಿಯೊಂದರ ಮೇಲೆಯೇ ಮಾಯಾಮಾಳವಗೌಳ: ತೆರೆದ ತಂತಿ ಸ, ಒಂದನೇ ಫ್ರೆಟ್ಟು ರಿ, ನಾಲ್ಕು ಗ, ಐದು ಮ, ಏಳು ಪ, ಎಂಟು ದ, ಹನ್ನೊಂದು ನಿ, ಹನ್ನೆರಡು ಮೇಲಿನ ಸ. ರಿ ತೋರುಬೆರಳಿಗೆ, ಗ ಕಿರುಬೆರಳಿಗೆ. ಕೈ ಜಾರಿಸಿ ಮ ಮತ್ತೆ ತೋರುಬೆರಳಿಗೆ, ಪ ಉಂಗುರಬೆರಳಿಗೆ, ದ ಕಿರುಬೆರಳಿಗೆ. ಇನ್ನೊಮ್ಮೆ ಜಾರಿಸಿದರೆ ನಿ ತೋರುಬೆರಳು, ಸ ನಡುಬೆರಳು. ಎಷ್ಟು ಚೆಂದ ನೋಡಿ: ಅಂತರಗಳು ಒಂದು, ಮೂರು, ಒಂದು, ಎರಡು, ಒಂದು, ಮೂರು, ಒಂದು. ಹತ್ತಿದರೂ ಇಳಿದರೂ ಅದೇ ಲೆಕ್ಕ. ಹೊಸಬರ ಕೈಗೆ ಯಾವುದು ಕಷ್ಟವೋ, ಅಂದರೆ ಸೋಮಾರಿ ಕಿರುಬೆರಳನ್ನು ಎಬ್ಬಿಸುವುದು, ಬೆರಳು ಚಾಚುವುದು, ಕೈಯನ್ನು ಕತ್ತಿನುದ್ದ ತಡವರಿಸದೆ ಸರಿಸುವುದು, ಎಲ್ಲ ಈ ಒಂದು ಸಾಲಿನಲ್ಲೇ ಇವೆ. ಮತ್ತು ಬೆರಳು ತಪ್ಪಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಚಿಕ್ಕವಳಿದ್ದಾಗ ಟೀಚರು ತಾಳ ಹಾಕುತ್ತ ಕಿವಿಗೆ ತುಂಬಿದ ಸಾಲು ಅದು. ಯಾವ ವಿಡಿಯೋದ ಹುಡುಗನೂ ತಿದ್ದಬೇಕಿಲ್ಲ.

ಚಾಚುವುದು ನೋಯುತ್ತದೆ. ಸಾಧಾರಣ ಗಿಟಾರಿನಲ್ಲಿ, ತಂತಿಯ ಉದ್ದ 650 ಮಿಲಿಮೀಟರ್ ಇದ್ದರೆ, ಒಂದನೇ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ 98 ಮಿಲಿಮೀಟರ್. ಸಣ್ಣ ಕೈಗೆ ಅದು ಹೆಚ್ಚು. ಮೂರನೇ ಫ್ರೆಟ್ಟಿಗೆ ಕೇಪೋ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಚಿಮುಟ, ಹಾಕಿಕೊಂಡರೆ ಅದೇ ಅಂತರ 82ಕ್ಕೆ ಇಳಿಯುತ್ತದೆ, ತಂತಿಯೂ ತಗ್ಗುತ್ತದೆ. ಶ್ರುತಿ ಒಂದೂವರೆ ಸ್ವರ ಏರುತ್ತದೆ, ಏರಲಿ. ತಿಂಗಳೆರಡರಲ್ಲಿ ಕೈ ಬಿಚ್ಚಿಕೊಂಡಂತೆ ಕೇಪೋವನ್ನು ಎರಡಕ್ಕೆ, ಒಂದಕ್ಕೆ ಇಳಿಸಿ ಕೊನೆಗೆ ತೆಗೆದರಾಯಿತು.

ಹೊತ್ತು ಎಷ್ಟು? ಹದಿನೈದು ನಿಮಿಷ, ದಿನಾ. ಭಾನುವಾರದ ಎರಡು ಗಂಟೆ ಇದಕ್ಕೆ ಸಮವಲ್ಲ. ಒಂದೇ ಬಾರಿ ಗುಡ್ಡೆಹಾಕಿ ಕಲಿತದ್ದಕ್ಕಿಂತ ಬಿಡಿಬಿಡಿಯಾಗಿ ಹಂಚಿ ಕಲಿತದ್ದು ನಿಲ್ಲುತ್ತದೆ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಕಟಿಸಿದ. ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿದ ಮನುಷ್ಯ ಆತ. ಸರಳೆಯ ಮಕ್ಕಳಿಗೆ ದೂರದ ನೆಂಟ. ಬೆರಳ ಚರ್ಮಕ್ಕೂ ಹದಿನೈದು ನಿಮಿಷವೇ ಹಿತ. ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಒಂದು ಪೆಟ್ಟಿಗೆ ಒಂದು ಸ್ವರ, ಅದು ಒಂದನೇ ಕಾಲ. ಎರಡು ಸ್ವರವಾದರೆ ಎರಡನೇ ಕಾಲ, ನಾಲ್ಕಾದರೆ ಮೂರನೆಯದು. ಕರ್ನಾಟಕ ಸಂಗೀತದ ಈ ಮೂರು ಕಾಲದ ಲೆಕ್ಕದಲ್ಲೊಂದು ಜಾಣತನವಿದೆ. ತಾಳ ಓಡುವುದಿಲ್ಲ, ಕೈ ಮಾತ್ರ ಓಡುತ್ತದೆ. ಗಿಟಾರಿನ ಹುಡುಗರು ಮಾಡುವುದು ಉಲ್ಟಾ: ಮೆಟ್ರೋನೋಮನ್ನೇ 60, 70, 80 ಎಂದು ಏರಿಸುತ್ತ ಹೋಗುತ್ತಾರೆ, ಎಲ್ಲಿ ಎಡವಿದರೆಂದು ಗೊತ್ತಾಗದೆ ವೇಗವಾಗುತ್ತಾರೆ. ನಿಂತ ತಾಳದ ಮೇಲೆ ಇಮ್ಮಡಿಯಾಗುವವರಿಗೆ ತಾಳ ಒಳಗೆ ಇಳಿಯುತ್ತದೆ. ಒಂದನೇ ಕಾಲ ಸರಿಯಿದ್ದು ಎರಡನೆಯದರಲ್ಲಿ ಗ-ಮ ನಡುವೆ ಪ್ರತಿಸಲ ಮುಗ್ಗರಿಸಿದರೆ ಜಾರುವ ಕೈಯ ತಪ್ಪು ಎಂದು ತಕ್ಷಣ ಗೊತ್ತಾಗುತ್ತದೆ. ಆ ಎರಡು ಸ್ವರವನ್ನಷ್ಟೇ ಹತ್ತು ಸಲ ನುಡಿಸಿ ಗಿಟಾರು ಕೆಳಗಿಡಬಹುದು. ಅವತ್ತಿನ ಸಾಧನೆ ಮುಗಿಯಿತು.

ಇದಕ್ಕೊಂದು ಆಕ್ಷೇಪಣೆ ಬರುತ್ತದೆ, ನ್ಯಾಯವಾದದ್ದೇ. ಗಿಟಾರೇನು ವೀಣೆಯೇ? ಅದರ ಜೀವವೇ ಕಾರ್ಡು, ಅದನ್ನು ಬಿಟ್ಟು ಒಂಟಿ ತಂತಿಯ ಮೇಲೆ ಸರಿಗಮ ಉಜ್ಜುವುದಾದರೆ ಗಿಟಾರು ಯಾಕೆ, ಎಂದು. ವೀಣೆಯಲ್ಲಿ 24 ಮೆಟ್ಟಿಲು ಮೇಣದ ಮೇಲೆ ಕೂತಿರುತ್ತವೆ, ಕಿವಿಗೆ ತಕ್ಕಂತೆ ಸರಿಸಿ ಕೂರಿಸಬಹುದು. ಗಿಟಾರಿನ ಫ್ರೆಟ್ಟು ಲೆಕ್ಕಾಚಾರದ ಕೂಸು. ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ ಹದಿನಾರನೇ ಶತಮಾನದಲ್ಲಿ, ಲ್ಯೂಟ್ ಎಂಬ ವಾದ್ಯದ ಪ್ರತಿ ಮೆಟ್ಟಿಲನ್ನೂ ಉಳಿದ ತಂತಿಯ ಹದಿನೆಂಟನೇ ಒಂದು ಭಾಗದಲ್ಲಿ ಇಡಿ ಎಂದು ಹೇಳಿದ್ದ. ಇವತ್ತಿನ ಕಾರ್ಖಾನೆಯ ಭಾಜಕ 17.817. ಹನ್ನೆರಡು ಸಮಭಾಗಗಳ ಆ ಲೆಕ್ಕದಲ್ಲಿ ಯಾವ ಸ್ವರವೂ ಪೂರ್ತಿ ಹಾಳಾಗುವುದಿಲ್ಲ, ಷಡ್ಜದ ಹೊರತು ಯಾವುದೂ ಪೂರ್ತಿ ಶುದ್ಧವೂ ಆಗುವುದಿಲ್ಲ. ಅಂತರ ಗಾಂಧಾರ ತಂಬೂರಿಯಲ್ಲಿ ಕೇಳುವುದಕ್ಕಿಂತ 14 ಸೆಂಟ್, ಅಂದರೆ ಒಂದು ಫ್ರೆಟ್ಟಿನ ಏಳನೇ ಒಂದು ಪಾಲು, ಮೇಲಿರುತ್ತದೆ. ಸಂಗೀತ ಕಲಿತವರು ಮೊದಲ ಸಲ ಗಿಟಾರಿನ ನಾಲ್ಕನೇ ಫ್ರೆಟ್ಟು ಒತ್ತಿ ಮುಖ ಸಿಂಡರಿಸುವುದು ಇದಕ್ಕೇ. ಶ್ರುತಿ ಮಾಡಲು ತನಗೆ ಬಂದಿಲ್ಲ ಅಂದುಕೊಳ್ಳುತ್ತಾರೆ. ತಪ್ಪು ಅವರದಲ್ಲ, ಯಾವ ಶ್ರುತಿಯಿಂದಲೂ ಹಾಡಲು ಬರಲಿ ಎಂದು ಎಲ್ಲ ಸ್ವರಗಳನ್ನೂ ಒಂದೊಂದು ಚೂರು ರಾಜಿ ಮಾಡಿಸಿದ ಏರ್ಪಾಡು ಅದು. ಆ ರಾಜಿಯ ಫಲವೇ ಕಾರ್ಡುಗಳು.

ಆದ್ದರಿಂದ ಕಾರ್ಡು ಬೇಡವೆಂದಲ್ಲ. ಎರಡನೇ ತಿಂಗಳಿಗೆ ಬರಲಿ, ಒಂದೊಂದಾಗಿ ಬರಲಿ. ಈ ಮೈನರ್‌ಗೆ ಎರಡೇ ಬೆರಳು ಸಾಕು. ಅಲ್ಲಿಂದ ಎ ಮೈನರ್‌ಗೆ, ಮತ್ತೆ ವಾಪಸು, ನಾಲ್ಕು ಪೆಟ್ಟಿಗೊಮ್ಮೆ. ಅಷ್ಟು ಹೊತ್ತಿಗೆ ಪ್ರತಿ ಬೆರಳಿಗೂ ತನ್ನ ಜಾಗ ತಿಳಿದಿರುತ್ತದೆ, ಯಾವುದು ಹುಸಿಯಿತೆಂದು ಕಿವಿ ಹೇಳುತ್ತದೆ. ಇನ್ನು ವೀಣೆಯ ದಾರಿಯಲ್ಲೂ ಗಿಟಾರು ಹೋಗಲಾರದು ಎಂಬ ಮಾತಿಗೆ ಉತ್ತರ ಇಲ್ಲಿಂದ ಕೂಗಳತೆಯಲ್ಲೇ ಇದೆ. ಅಡ್ಯಾರಿನ ಐಐಟಿಯಲ್ಲಿ ಹಡಗು ಕಟ್ಟುವ ಎಂಜಿನಿಯರಿಂಗ್ ಓದಿದ ಆರ್. ಪ್ರಸನ್ನ, ಆಮೇಲೆ ಅಮೆರಿಕದ ಬರ್ಕ್ಲಿಗೆ ಹೋದವರು, ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿ ಎಳೆದು, ಜಾರಿಸಿ ಗಮಕಗಳನ್ನೆಲ್ಲ ತೆಗೆದು ಪೂರ್ಣಪ್ರಮಾಣದ ಕಛೇರಿ ಕೊಡುತ್ತ ಬಂದಿದ್ದಾರೆ. ಪಿಟೀಲು, ಮ್ಯಾಂಡೊಲಿನ್, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಹಾದುಬಂದ ದಾರಿ ಅದೇ. ಗೋಪಾಲನಾಥರೂ ದಕ್ಷಿಣ ಕನ್ನಡದಿಂದ ಚೆನ್ನೈಗೆ ಬಂದು, ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತವರು.

ಎರಡು ದಾರಿಯೂ ಒಂದೇ ಕೈಯಲ್ಲಿ ಕೂಡಿದ್ದಕ್ಕೆ ಈ ಊರಿನ ಸಾಕ್ಷಿ ಇಳಯರಾಜ. ಪಣ್ಣೈಪುರಂ ಹಳ್ಳಿಯಿಂದ 1960ರ ದಶಕದ ಕೊನೆಯಲ್ಲಿ ಮದ್ರಾಸಿಗೆ ಬಂದು, ಧನರಾಜ್ ಮಾಸ್ಟರರ ಬಳಿ ಪಾಶ್ಚಾತ್ಯ ಸಂಗೀತ ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆ ಪಾಸು ಮಾಡಿದರು. ತಮ್ಮ ಮೊದಲ ಚಿತ್ರ 1976ರಲ್ಲಿ ಬರುವ ಮುಂಚೆ ವರ್ಷಗಟ್ಟಲೆ ಕೆಲಸ ಮಾಡಿದ್ದು ಕನ್ನಡದ ಜಿ.ಕೆ. ವೆಂಕಟೇಶರ ಸಹಾಯಕರಾಗಿ. ಕನ್ನಡ ಸಿನಿಮಾ ಆಗ ಮದ್ರಾಸಿನ ಸ್ಟುಡಿಯೋಗಳಲ್ಲೇ ಉಸಿರಾಡುತ್ತಿತ್ತು. ಕನ್ನಡದ ಮನೆಗಳು ರೇಡಿಯೋದಲ್ಲಿ ಕೇಳಿ ಗುನುಗಿದ ಎಷ್ಟೋ ಹಾಡುಗಳ ಹಿಂದೆ ಹೆಸರಿಲ್ಲದ ವಾದ್ಯಗಾರನಾಗಿ ಆ ಮನುಷ್ಯ ಕೂತಿದ್ದರು. ಶಂಕರ್‌ನಾಗ್ 1981ರಲ್ಲಿ ‘ಗೀತಾ’ ಚಿತ್ರಕ್ಕೆ ಅವರನ್ನು ಕರೆದಾಗ ಅದು ಹೊಸ ಪರಿಚಯವೇನೂ ಆಗಿರಲಿಲ್ಲ.

ಟ್ರಿನಿಟಿ ಅಂದಾಗ ಒಂದು ಮಾತು. ಗ್ರೇಡು ಪರೀಕ್ಷೆಗಳು ಚೆನ್ನೈಯ ಮಧ್ಯಮವರ್ಗಕ್ಕೆ ಈಗ ಟ್ಯೂಷನ್ನಿನಷ್ಟೇ ಸಹಜ. ಕ್ರಮವಾದ ಪಾಠ ಸಿಗುತ್ತದೆಂಬುದು ಅದರ ಗುಣ. ಆದರೆ ವರ್ಷಕ್ಕೆ ಮೂರೇ ತುಣುಕುಗಳನ್ನು ಅರೆದು ಕುಡಿಸಿ, ಸರ್ಟಿಫಿಕೇಟು ಗೋಡೆಗೇರಿಸಿ, ನಾಲ್ಕನೇ ತುಣುಕು ಕೊಟ್ಟರೆ ಕಣ್ಣುಬಿಡುವ ಮಕ್ಕಳನ್ನೂ ಅದೇ ಪದ್ಧತಿ ತಯಾರಿಸುತ್ತದೆ. ಮಗನನ್ನು ಪರೀಕ್ಷೆಗೆ ಕೂರಿಸುವ ತಾಯಿ ತನಗಾಗಿ ಗಿಟಾರು ಹಿಡಿದರೆ ಯಾರಿಗೂ ಪರೀಕ್ಷೆ ಕೊಡಬೇಕಿಲ್ಲ ಎಂಬುದು ಅವಳಿಗಿರುವ ದೊಡ್ಡ ಅನುಕೂಲ. ಬೀಚಿಗೆ ಒಯ್ದು ಯಾರಿಗೂ ಕೇಳಿಸಬೇಕಿಲ್ಲ. ಹತ್ತು ವರ್ಷದಲ್ಲಿ ಒಂದು ಗೀತೆ ನುಡಿಸಿದರೂ ನಡೆಯುತ್ತದೆ, ಆದರೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ಸರಳೆ ಮೂರು ಕಾಲಕ್ಕೆ ಬಂದರೆ ಮಲಹರಿ ದೂರವಿಲ್ಲ: ಹತ್ತುವಾಗ ಸರಿಮಪದಸ, ಇಳಿಯುವಾಗ ಗ ಸೇರಿಕೊಳ್ಳುತ್ತದೆ, ನಿ ಇಲ್ಲವೇ ಇಲ್ಲ. ಫ್ರೆಟ್ಟುಗಳೆಲ್ಲ ಆಗಲೇ ಗೊತ್ತಿರುವವೇ.

ಬೀರುವಿನ ಮೇಲಿಂದ ಗಿಟಾರು ಇಳಿಸುವಾಗ ಚೀಲದ ಜಿಪ್ಪು ಉಪ್ಪುಗಾಳಿಗೆ ಹಿಡಿದುಕೊಂಡಿರುತ್ತದೆ. ಮೇಣದ ಬತ್ತಿ ಉಜ್ಜಿದರೆ ಸಡಿಲವಾಗುತ್ತದೆ. ಒಳಗಿನ ತಂತಿಗಳನ್ನು ನಂಬಬಾರದು, ಹೊಸ ಸೆಟ್ಟು ಕೊಳ್ಳಬೇಕು. ಹಾಕಿಸುವಾಗ ಅಂಗಡಿಯವನಿಗೆ ಎರಡು ನಾಣ್ಯ ತೂರಿಸಿ ತೋರಿಸಿ, ಸ್ಯಾಡಲ್ ತಗ್ಗಿಸಿಕೊಡಲು ಹೇಳಬೇಕು. ಕತ್ತನ್ನೂ ಒಮ್ಮೆ ನೋಡಪ್ಪ ಅನ್ನಬೇಕು.